ಹಿಮದ ಓಟಕ್ಕೆ ಒಂದು ಜೋಡಿ ಲಾಳ: ನ್ಯಾನೋಸ್ಪೈಕ್ಸ್ ಜೊತೆ ಮೂರು ಚಳಿಗಾಲ

ರಾಣೆಬೆನ್ನೂರಿನ ಹತ್ತಿರ ನಮ್ಮ ಹಳ್ಳಿ. ನಾನು ಸಣ್ಣಾಕೆ ಇದ್ದಾಗ ಎತ್ತಿಗೆ ಲಾಳ ಹೊಡೆಯುವವರು ಸಂತೆಯ ದಿನ ಬರುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಮಗ್ಗುಲಿಗೆ ಕೆಡವಿ, ಕಾಲು ಕಟ್ಟಿ, ಗೊರಸು ಹೆರೆದು, ಒಂದೊಂದು ಕಾಲಿಗೆ ಎರಡೆರಡು ಕಬ್ಬಿಣದ ತುಣುಕು ಕೂರಿಸಿ ಮೊಳೆ ಬಡಿಯುತ್ತಿದ್ದರು. ಎತ್ತಿಗೆ ನೋವಾಗುತ್ತದೆ ಅಂತ ನಾನು ಅಳುತ್ತಿದ್ದೆ. ಅಪ್ಪ ಹೇಳುತ್ತಿದ್ದರು: "ಗೊರಸಿಗೆ ನೋವಿಲ್ಲವ್ವಾ. ಲಾಳ ಇಲ್ಲಂದ್ರ ಡಾಂಬರ್ ಮ್ಯಾಲೆ ಕಾಲು ಜಾರ್ತಾವ. ಒಂದ್ಸಲ ಜಾರಿದ ಎತ್ತು ಮುಂದ ಪ್ರತಿ ಹೆಜ್ಜಿಗೂ ಅಂಜತೈತಿ."

ಆ ಮಾತಿನ ಅರ್ಥ ನನಗೆ ಆಗಿದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ, ಜಾರಿ ಬಿದ್ದ ಮೇಲೆ.

ನಾನು ಬರೆಯುತ್ತಿರುವುದು ಕಾಟೂಲಾ ಕಂಪನಿಯ ನ್ಯಾನೋಸ್ಪೈಕ್ಸ್ ಬಗ್ಗೆ. ಓಡುವ ಶೂ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರಿನ ಪಟ್ಟಿ, ಅದರ ಅಡಿಯಲ್ಲಿ ಸಣ್ಣ ಸಣ್ಣ ಮೊಳೆ. ಕಂಪನಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನದು. ನಾನು ಸ್ವಂತ ದುಡ್ಡಿನಲ್ಲಿ ಅರವತ್ತು ಡಾಲರ್ ಆಸುಪಾಸು ಕೊಟ್ಟು ಕೊಂಡಿದ್ದು. ಮೂರು ಚಳಿಗಾಲ, ಸುಮಾರು 600 ಕಿಲೋಮೀಟರ್ ಅವುಗಳ ಮೇಲೆ ಓಡಿದ್ದೇನೆ. ಈ ಜನವರಿಯಲ್ಲಿ ಪಕ್ಕದ ಊರು ಸೇಂಟ್ ಪಾಲ್‌ನಲ್ಲಿ ಮೈನಸ್ 17 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಹಾಫ್ ಮ್ಯಾರಥಾನ್ (21 ಕಿಲೋಮೀಟರಿನ ಓಟ) ಮುಗಿಸಿದೆ. ಹಿಮ ಬೀಳುವ ಊರುಗಳಲ್ಲಿ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಅಕ್ಟೋಬರ್ ಮುಗಿದ ಕೂಡಲೇ ಓಡುವುದನ್ನು ಬಿಟ್ಟು ಏಪ್ರಿಲ್‌ವರೆಗೆ ಟ್ರೆಡ್‌ಮಿಲ್ ಹತ್ತುವವರು ಅವರಲ್ಲಿ ಎಷ್ಟೋ ಜನ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಬಿದ್ದ ಕಥೆ. ನಾಲ್ಕು ವರ್ಷದ ಹಿಂದಿನ ಡಿಸೆಂಬರ್. ಹಿಂದಿನ ಮಧ್ಯಾಹ್ನ ಬಿಸಿಲು ಬಂದು ಹಿಮ ಕರಗಿತ್ತು, ರಾತ್ರಿ ಮತ್ತೆ ಹೆಪ್ಪುಗಟ್ಟಿತ್ತು, ಬೆಳಗಿನ ಜಾವ ಅದರ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ತೆಳ್ಳಗೆ ಹೊಸ ಹಿಮ. ಓಡಲು ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ. ಒಂದು ಪಾರ್ಕಿಂಗ್ ಜಾಗ ದಾಟುವಾಗ ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋದವು. ಬೀಳುವಾಗ ಕೈ ಊರಿದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್, ಆಮೇಲೆ ಎರಡು ತಿಂಗಳು ಫಿಸಿಯೋಥೆರಪಿ. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನವಾದರೂ ಜೋಳದ ರೊಟ್ಟಿ ಆಗಬೇಕು. ಹಿಟ್ಟು ನಾದಲು, ರೊಟ್ಟಿ ಬಡಿಯಲು ಆ ಕೈ ಮುಂದಿನ ಯುಗಾದಿಯವರೆಗೆ ಬರಲಿಲ್ಲ. ಮೂಳೆ ಕೂಡಿದರೂ ಅಂಜಿಕೆ ಹೋಗಲಿಲ್ಲ. ಮನೆಯಿಂದ ಕಾರಿನವರೆಗೆ ಹತ್ತು ಹೆಜ್ಜೆ ನಡೆಯುವಾಗಲೂ ಹೊಟ್ಟೆಯೊಳಗೆ ಏನೋ ಹಿಡಿದಂತಾಗುತ್ತಿತ್ತು. ಅಪ್ಪ ಹೇಳಿದ ಎತ್ತು ನಾನೇ ಆಗಿದ್ದೆ.

ಹೊಸದಾಗಿ ಇಲ್ಲಿಗೆ ಬಂದವರು ಚಳಿ ಹೆಚ್ಚಾದಷ್ಟೂ ಜಾರಿಕೆ ಹೆಚ್ಚು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೈನಸ್ 20ರಲ್ಲಿ ಬಿದ್ದ ಒಣ ಹಿಮ ಕಾಲಡಿಯಲ್ಲಿ ರವೆಯ ಹಾಗೆ ಕಿರ್ ಕಿರ್ ಅನ್ನುತ್ತದೆ, ಪಾದವನ್ನು ಮರಳಿನಂತೆ ಹಿಡಿಯುತ್ತದೆ. ಮಂಜುಗಡ್ಡೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ, ನೀರಿನಂಥ ಒಂದು ಪದರ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪವಾಗುತ್ತದೆ. ಹಾಗಾಗಿ ಮೈಮರೆಯಬಾರದ್ದು ಮೈನಸ್ 2ರ ದಿನ, ಅದರಲ್ಲೂ ಹಗಲು ಕರಗಿ ರಾತ್ರಿ ಗಟ್ಟಿಯಾದ ರಸ್ತೆಯಲ್ಲಿ. ಇಲ್ಲಿ ಅದಕ್ಕೆ ಬ್ಲ್ಯಾಕ್ ಐಸ್ ಅನ್ನುತ್ತಾರೆ. ನಿಜವಾಗಿ ಅದಕ್ಕೆ ಬಣ್ಣವೇ ಇಲ್ಲ. ಬರೀ ಒದ್ದೆಯಾದ ಡಾಂಬರಿನಂತೆ ಕಾಣುತ್ತದೆ. ರಸ್ತೆಗೆ ಉಪ್ಪು ಹಾಕುತ್ತಾರಲ್ಲ ಅಂತ ನಂಬಿಕೊಂಡೂ ಕೂರುವಂತಿಲ್ಲ. ಸಾಮಾನ್ಯ ಉಪ್ಪು 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 9ರ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಮೇಲಾಗಿ ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸುತ್ತದೆ ಅಂತ ಮಿನ್ನೆಸೋಟಾದ ಪರಿಸರ ಇಲಾಖೆ ಜನರಿಗೆ ಹೇಳುತ್ತಲೇ ಇರುತ್ತದೆ. ಇಷ್ಟು ಕೆರೆಗಳಿರುವ ಊರಿನಲ್ಲಿ ನಾನು ಸುರಕ್ಷಿತವಾಗಿ ಓಡಲಿ ಅಂತ ಇನ್ನಷ್ಟು ಉಪ್ಪು ಸುರಿಯಿರಿ ಅನ್ನಲು ನನಗೆ ಮನಸ್ಸಿಲ್ಲ. ನನ್ನ ಕಾಲಿಗೆ ಬೇಕಾದ್ದನ್ನು ನಾನೇ ಕಟ್ಟಿಕೊಳ್ಳಬೇಕು.

ಮುಂದಿನ ಚಳಿಗಾಲಕ್ಕೆ ಮೊದಲು ಕೊಂಡದ್ದು ಅಗ್ಗದ ಒಂದು ಜೋಡಿ: ರಬ್ಬರ್ ಪಟ್ಟಿಗೆ ಉಕ್ಕಿನ ತಂತಿಯ ಸುರುಳಿ ಸುತ್ತಿದ್ದು. ಹೆಸರು ಹೇಳುವುದಿಲ್ಲ. ತುಳಿದು ಗಟ್ಟಿಯಾದ ಹಿಮದ ಮೇಲೆ ಪರವಾಗಿಲ್ಲ. ಗಾಜಿನಂಥ ಮಂಜುಗಡ್ಡೆ ಬಂದರೆ ಸುರುಳಿ ಅದರ ಮೇಲೆ ಉರುಳುತ್ತದೆಯೇ ಹೊರತು ಕಚ್ಚುವುದಿಲ್ಲ. ಆರನೇ ವಾರಕ್ಕೆ ಮುಂಗಾಲಿನ ಪಟ್ಟಿ ಕಿತ್ತು ಬಂತು.

ಆಮೇಲೆ ಇಲ್ಲಿನ ಹಳೆಯ ಓಟಗಾರರು ಮಾಡುವ ಉಪಾಯ ನೋಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಷಟ್ಕೋನದ ತಲೆಯ, ಕಾಲಿಂಚಿಗಿಂತ ಸ್ವಲ್ಪ ಉದ್ದದ ಸ್ಕ್ರೂ ತಂದು, ಹಳೆಯ ಶೂ ಅಡಿಗೆ ಹತ್ತು ಹನ್ನೆರಡು ತಿರುಗಿಸಿಬಿಡುವುದು. ಸ್ಕ್ರೂವಿನ ತಲೆಯ ಅಂಚೇ ಮಂಜುಗಡ್ಡೆಗೆ ಕಚ್ಚುತ್ತದೆ. ಎರಡು ಮೂರು ಡಾಲರಿನ ಖರ್ಚು, ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ಎತ್ತಿನ ಲಾಳಕ್ಕೆ ತೀರ ಹತ್ತಿರದ್ದು ಇದೇ ಅಂತ ನನಗೆ ಇದರ ಮೇಲೆ ಪ್ರೀತಿ. ದುಡ್ಡು ಉಳಿಸಬೇಕು ಅನ್ನುವ ವಿದ್ಯಾರ್ಥಿಗಳಿಗೆ ಈಗಲೂ ಇದನ್ನೇ ಹೇಳುತ್ತೇನೆ. ಆದರೆ ಆ ಶೂ ಮತ್ತೆ ಬಿಡಿಸಲಾಗದ ಹಾಗೆ ಚಳಿಗಾಲದ್ದಾಗಿಬಿಡುತ್ತದೆ. ಬಾಗಿಲ ಒಳಗೆ ಮರದ ನೆಲದ ಮೇಲೆ ಕಾಲಿಡುವಂತಿಲ್ಲ. ಅಟ್ಟೆ ತೆಳುವಾಗಿರುವ ಕಡೆ ಸ್ಕ್ರೂ ಹಾಕಿದರೆ ಅಂಗಾಲಿಗೆ ಒತ್ತುತ್ತದೆ. ನನಗೆ ಎಡಗಾಲಿನ ಕಿರುಬೆರಳ ಬುಡದಲ್ಲಿ ಹಾಗೇ ಆಯಿತು.

ಮೂರನೆಯದು ನ್ಯಾನೋಸ್ಪೈಕ್ಸ್. ಒಂದೊಂದು ಪಾದಕ್ಕೆ ಹತ್ತು ಮೊಳೆ. ತುದಿ ಟಂಗ್‌ಸ್ಟನ್ ಕಾರ್ಬೈಡಿನದು. ಹಿಮದ ದೇಶಗಳಲ್ಲಿ ಕಾರಿನ ಚಕ್ರಕ್ಕೆ ಹಾಕುವ ಮೊಳೆಯ ತುದಿಗೂ ಇದನ್ನೇ ಬಳಸುತ್ತಾರೆ. (ಮಿನ್ನೆಸೋಟಾದಲ್ಲಿ ಮಾತ್ರ ಇಲ್ಲಿನ ನಿವಾಸಿಗಳು ಚಕ್ರಕ್ಕೆ ಮೊಳೆ ಹಾಕುವಂತಿಲ್ಲ. ರಸ್ತೆ ಹಾಳಾಗುತ್ತದೆ ಅಂತ 1970ರ ದಶಕದಲ್ಲೇ ನಿಲ್ಲಿಸಿದ್ದಾರೆ.) ಮೊಳೆಗಳು ಐದು ಮಿಲಿಮೀಟರಿನಷ್ಟು ಮಾತ್ರ ಹೊರಗಿರುತ್ತವೆ. ಮೊದಲ ಸಲ ಕೈಯಲ್ಲಿ ಹಿಡಿದಾಗ "ಇಷ್ಟು ಚಿಕ್ಕವು ನನ್ನನ್ನು ತಡೆಯುತ್ತವಾ?" ಅನಿಸಿತ್ತು. ಚಿಕ್ಕದಾಗಿರುವುದೇ ಒಳ್ಳೆಯದು. ಉದ್ದ ಮೊಳೆಯಾದರೆ ಡಾಂಬರ್ ಸಿಕ್ಕಾಗ ಪಾದ ಎತ್ತರದ ಮೇಲೆ ನಿಂತಂತಾಗಿ ಹರಡು ತಿರುಚಬಹುದು. ಊರೊಳಗಿನ ರಸ್ತೆಯೆಂದರೆ ನೂರು ಹೆಜ್ಜೆ ಹಿಮ, ಇಪ್ಪತ್ತು ಹೆಜ್ಜೆ ಡಾಂಬರ್, ಮತ್ತೆ ಮಂಜುಗಡ್ಡೆ. ಈ ಮಿಶ್ರಣಕ್ಕೆ ಮಾಡಿದ ವಸ್ತು ಇದು. ಮೊಣಕಾಲುದ್ದ ಹಿಮಕ್ಕೆ, ಬೆಟ್ಟದ ಏರಿಗೆ ಇದು ಸಾಲದು. ಬೆಟ್ಟದ ಏರಿಗಾದರೆ ಇದೇ ಕಂಪನಿಯ, ಇನ್ನೂ ಉದ್ದ ಮೊಳೆಯ ಮೈಕ್ರೋಸ್ಪೈಕ್ಸ್ ಬೇರೆ ಇವೆ.

ತರಬೇತಿಯೆಲ್ಲ ಆಗಿದ್ದು ಬ್ಡೇ ಮಕಾ ಸ್ಕಾ ಮತ್ತು ಹ್ಯಾರಿಯೆಟ್ ಕೆರೆಗಳ ಸುತ್ತ. ಮೊದಲ ಕೆರೆಯ ಹೆಸರು ಇಲ್ಲಿನ ಮೂಲನಿವಾಸಿ ಡಕೋಟಾ ಜನರದು, ಬಿಳಿ ಮಣ್ಣಿನ ಕೆರೆ ಅಂತ ಅರ್ಥ. ಒಂದು ಸುತ್ತು ಐದು ಕಿಲೋಮೀಟರಿಗೆ ಚೂರು ಹೆಚ್ಚು. ಹ್ಯಾರಿಯೆಟ್ ಸುತ್ತು ನಾಲ್ಕೂವರೆಗೆ ಹತ್ತಿರ. ಎರಡನ್ನೂ ಎರಡೆರಡು ಸಲ ಸುತ್ತಿದರೆ ಹಾಫ್‌ಗೆ ಬೇಕಾದ ಉದ್ದನೆಯ ಓಟ ಆಯಿತು. ನಗರದ ಪಾರ್ಕ್‌ನವರು ಕೆರೆ ಏರಿಯ ದಾರಿಯ ಹಿಮವನ್ನು ಬೆಳಿಗ್ಗೆ ಬೇಗನೆ ಬಳಿಯುತ್ತಾರೆ. ಬಳಿದ ಮೇಲೆ ಉಳಿಯುವ ತೆಳು ಪದರವೇ ಓಡಿದವರ ಕಾಲಡಿ ಸಿಕ್ಕಿ ನುಣುಪಾಗುವುದು. ಡಿಸೆಂಬರ್ ಕೊನೆಯ ವಾರ ಅಂಥ ಒಂದು ಬೆಳಿಗ್ಗೆ, ಹ್ಯಾರಿಯೆಟ್‌ನ ಉತ್ತರದ ತಿರುವಿನಲ್ಲಿ, ನಾನು ರಸ್ತೆ ನೋಡುವುದನ್ನು ಬಿಟ್ಟು ಕೆರೆ ನೋಡುತ್ತಿದ್ದೇನೆ ಅಂತ ತಟ್ಟನೆ ಗೊತ್ತಾಯಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಬೆಳಕು ಹಬ್ಬುತ್ತಿತ್ತು, ದೂರದಲ್ಲಿ ಒಬ್ಬರು ಮೀನು ಹಿಡಿಯಲು ಮಂಜುಗಡ್ಡೆಗೆ ತೂತು ಕೊರೆಯುತ್ತಿದ್ದರು. ಬಿದ್ದ ಮೇಲೆ ಹಿಮದ ದಿನ ತಲೆ ಎತ್ತಿ ಓಡಿದ್ದು ಅದೇ ಮೊದಲು. ಅರವತ್ತು ಡಾಲರಿಗೆ ನನಗೆ ಸಿಕ್ಕಿದ್ದು ಆ ಬೆಳಗು.

ಇನ್ನು ಓಟದ ದಿನ. ಗಂಟೆಗೆ 15 ಕಿಲೋಮೀಟರ್ ಗಾಳಿ ಇತ್ತು. ಮೈನಸ್ 17ಕ್ಕೆ ಆ ಗಾಳಿ ಸೇರಿದರೆ ಮುಖಕ್ಕೆ ತಾಗುವುದು ಮೈನಸ್ 25. ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ಪಟ್ಟಿ ನಮ್ಮ ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿದೆ: ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ತೆರೆದ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಆ ಗೆರೆಗಿಂತ ಸ್ವಲ್ಪ ಈಚೆಗಿದ್ದೆವು. ಕೆನ್ನೆ, ಮೂಗಿಗೆ ದಪ್ಪಗೆ ವ್ಯಾಸಲೀನ್. ಮೈಗೆ ಮೆರಿನೋ ಉಣ್ಣೆಯ ತೆಳು ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್. ಬೆರಳು ಬಿಡಿಬಿಡಿಯಾಗಿರುವ ಗ್ಲೌಸ್ ಬಿಟ್ಟು, ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್. ಹತ್ತಿ ಬಟ್ಟೆ ಬೇಡವೇ ಬೇಡ, ಬೆವರು ಹೀರಿ ಮೈಮೇಲೇ ಮಂಜಾಗುತ್ತದೆ. ಮೊದಲ ಒಂದು ಕಿಲೋಮೀಟರ್ ನಡುಗುತ್ತಿದ್ದರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ.

ಓಟಗಾರರು ಓಡುತ್ತಾ ಶಕ್ತಿಗೆ ಅಂತ ತಿನ್ನುವ ಜೆಲ್ ಪೊಟ್ಟಣ ಈ ಚಳಿಗೆ ಗೋಂದಿನಂತಾಗುತ್ತದೆ. ನಾನು ಒಯ್ದದ್ದು ಶೇಂಗಾ ಉಂಡಿ, ಬೆಲ್ಲದ್ದು, ಗೋಲಿಯಷ್ಟು ಸಣ್ಣ ಸಣ್ಣವು ಆರು. ಜಾಕೆಟ್ಟಿನ ಒಳ ಜೇಬಿನಲ್ಲಿ ಮೈಗೆ ಒತ್ತಿಕೊಂಡಿದ್ದವು, ಕೊನೆಯವರೆಗೂ ಮೆತ್ತಗೇ ಇದ್ದವು.

ದಾರಿ ಮಿಸಿಸಿಪ್ಪಿ ದಂಡೆಗುಂಟ ಹೋಗಿ ಅಲ್ಲೇ ತಿರುಗಿ ಬರುವುದು. ಅರ್ಧ ಒಣ ಡಾಂಬರ್, ಅರ್ಧ ತುಳಿದು ಬಿಳಿಯಾದ ಹಿಮ. ಒಣ ಡಾಂಬರಿನ ಮೇಲೆ ಮೊಳೆಗಳು ಟಕಟಕ ಸದ್ದು ಮಾಡುತ್ತವೆ, ಎತ್ತಿನ ಗಾಡಿ ಬಂದ ಹಾಗೆ. ನನ್ನ ಗಡಿಯಾರದ ಪ್ರಕಾರ ಅಂಥ ಕಡೆ ಕಿಲೋಮೀಟರಿಗೆ ಹತ್ತು ಸೆಕೆಂಡಿನಷ್ಟು ನಿಧಾನ. ಮೀನಖಂಡ ಬೇಗ ಬಿಗಿಯುತ್ತದೆ. ಐದನೇ ಕಿಲೋಮೀಟರ್ ಹತ್ತಿರ ಕೆಲವರು ದಾರಿಬದಿಗೆ ನಿಂತು ತಮ್ಮ ಸ್ಪೈಕ್ ಕಳಚಿ ಸೊಂಟದ ಚೀಲಕ್ಕೆ ಹಾಕಿಕೊಂಡರು. ನಾನೂ ಯೋಚಿಸಿದೆ. ಮಿಟನ್ ತೆಗೆದು ಬೆತ್ತಲೆ ಬೆರಳಲ್ಲಿ ರಬ್ಬರ್ ಎಳೆಯಬೇಕಲ್ಲ ಅಂತ ಹಾಗೇ ಬಿಟ್ಟೆ.

ಬಿಟ್ಟದ್ದು ಒಳ್ಳೆಯದಾಯಿತು. ಹದಿನಾಲ್ಕನೇ ಕಿಲೋಮೀಟರಿನಲ್ಲಿ ನೀರಿನ ಮೇಜು. ಹಿಮದ ಓಟದಲ್ಲಿ ಯಾರೂ ಮೊದಲೇ ಹೇಳಿಕೊಡದ ಸಂಗತಿ ಇದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಓಟಗಾರರು ಅರ್ಧ ಕುಡಿದು ಅರ್ಧ ಚೆಲ್ಲುತ್ತಾರೆ. ಮೈನಸ್ 17ರಲ್ಲಿ ಚೆಲ್ಲಿದ ನೀರು ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ. ಅದರ ಮೇಲೆ ಮತ್ತೆ ಚೆಲ್ಲುತ್ತದೆ, ಮತ್ತೆ ಕಲ್ಲು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಮೇಜಿನ ಮುಂದೆ ಹದಿನೈದು ಇಪ್ಪತ್ತು ಅಡಿ ಉದ್ದಕ್ಕೆ ರಸ್ತೆ ಗಾಜಾಗಿತ್ತು, ಒತ್ತಿದ ಕಾಗದದ ಲೋಟಗಳು ಅದರೊಳಗೇ ಹೂತಿದ್ದವು. ಲೋಟ ಕೊಡುತ್ತಿದ್ದ ಹುಡುಗಿಯರು "ನಿಧಾನ, ನಿಧಾನ" ಅಂತ ಕೂಗುತ್ತಿದ್ದರು, ಒಬ್ಬಾಕೆ ಕೈಯಿಂದ ಮರಳು ಎರಚುತ್ತಿದ್ದಳು. ನನ್ನ ಮುಂದಿದ್ದವರು, ಅರವತ್ತು ದಾಟಿದ ಹಿರಿಯರು, ಒಂದು ಕಾಲು ಇಟ್ಟರು, ಕಾಲು ಹೋಯಿತು. ನಾನು ಅವರ ರಟ್ಟೆ ಹಿಡಿದೆ. ಅವರ ಭಾರವೆಲ್ಲ ಒಂದು ಕ್ಷಣ ನನ್ನ ಎಡಗಾಲಿನ ಮೇಲೆ ಬಂತು. ಆ ಕಾಲು ಅಲ್ಲಾಡಲಿಲ್ಲ. ಹತ್ತೂ ಮೊಳೆ ಮಂಜಿನೊಳಗೆ ಇಳಿದು ನಿಂತದ್ದು ಅಂಗಾಲಿಗೆ ಗೊತ್ತಾಯಿತು. ಇಬ್ಬರೂ ನಿಂತೆವು. ಅವರು ನನ್ನ ಕಾಲನ್ನೇ ನೋಡಿದರು, ಹೆಸರು ಕೇಳಿದರು. ನನ್ನದಲ್ಲ, ಸ್ಪೈಕಿನದು.

ಆಮೇಲಿನ ಏಳು ಕಿಲೋಮೀಟರ್ ಎದುರುಗಾಳಿ. ರೆಪ್ಪೆಗೂದಲು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಆಗಾಗ ಮಿಟನ್ ಒತ್ತಿ ಕರಗಿಸಿಕೊಳ್ಳಬೇಕಿತ್ತು. ಎರಡು ಗಂಟೆ 24 ನಿಮಿಷಕ್ಕೆ ಮುಗಿಸಿದೆ. ಬೇಸಿಗೆಯ ನನ್ನ ಸಮಯಕ್ಕಿಂತ 13 ನಿಮಿಷ ಹೆಚ್ಚು. ಅದರಲ್ಲಿ ಸ್ಪೈಕಿನ ಪಾಲು ಎಷ್ಟು, ಗಾಳಿಯದೆಷ್ಟು ಅಂತ ಲೆಕ್ಕ ಹಾಕುವ ಮನಸ್ಸು ನನಗೆ ಇಲ್ಲ.

ಕೊಳ್ಳುವವರಿಗೆ ನನ್ನ ಅನುಭವದ ನಾಲ್ಕು ಮಾತು. ನನ್ನ ಅಳತೆ ಎರಡು ಸೈಜಿನ ಅಂಚಿನಲ್ಲಿತ್ತು, ಚಿಕ್ಕದನ್ನೇ ತೆಗೆದುಕೊಂಡೆ. ಬಿಗಿಯಾಗಿ ಕೂತಿದೆ, ಒಮ್ಮೆಯೂ ಕಳಚಿಲ್ಲ. ಚಳಿಗಾಲದ ಶೂ ದಪ್ಪ ಕಾಲುಚೀಲಕ್ಕಾಗಿ ಅರ್ಧ ಸೈಜ್ ದೊಡ್ಡದಿರುತ್ತದೆ, ಅಳೆಯುವಾಗ ಅದೇ ಶೂ ಇಟ್ಟುಕೊಳ್ಳಿ. ಮನೆಯೊಳಗೆ ಕೂತು, ಕೈ ಬೆಚ್ಚಗಿರುವಾಗಲೇ ಹಾಕಿಕೊಳ್ಳಿ: ಮೊದಲು ಬೆರಳ ಕಡೆ, ಆಮೇಲೆ ಹಿಮ್ಮಡಿಯ ಪಟ್ಟಿ ಎಳೆದು ಮೇಲಕ್ಕೆ, ಕೊನೆಗೆ ಕಾಲು ತಿರುಗಿಸಿ ಮೊಳೆಯ ಪಟ್ಟಿ ನಡುವಿಗೇ ಬಂದಿದೆಯಾ ನೋಡಿ. ಟೈಲ್ಸ್ ನೆಲದ ಮೇಲೆ ಯಾವುದೇ ಸ್ಪೈಕ್ ಮಂಜುಗಡ್ಡೆಗಿಂತ ಕೆಟ್ಟದಾಗಿ ಜಾರುತ್ತದೆ. ಓಟ ಮುಗಿದ ಖುಷಿಯಲ್ಲಿ ಅಂಗಡಿಗೋ ಕಾಫಿ ಹೋಟೆಲಿಗೋ ನುಗ್ಗುವ ಮೊದಲು ಕಳಚಿ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ನೇತುಹಾಕಿ, ರಸ್ತೆಯ ಉಪ್ಪು ರಬ್ಬರನ್ನೂ ಲೋಹವನ್ನೂ ತಿನ್ನುತ್ತದೆ.

ಬೆಂಗಳೂರಿನಲ್ಲಿರುವ ಗೆಳತಿಯೊಬ್ಬಳು ಲಡಾಖಿನ ಪಾಂಗಾಂಗ್ ಸರೋವರದ ಹಾಫ್ ಓಡಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಹೆಪ್ಪುಗಟ್ಟಿದ ಸರೋವರದ ಮೇಲೆಯೇ ಲುಕುಂಗ್‌ನಿಂದ ಮಾನ್ ಹಳ್ಳಿಯವರೆಗೆ, 13,862 ಅಡಿ ಎತ್ತರದಲ್ಲಿ, 21 ಕಿಲೋಮೀಟರ್. 2023ರ ಫೆಬ್ರವರಿ 20ರಂದು ಮೊದಲ ಸಲ ನಡೆದಾಗಲೇ ಗಿನ್ನೆಸ್ ದಾಖಲೆ ಸೇರಿತು. ಹಿಮಾಲಯದ ಮಂಜು ಕರಗುತ್ತಿರುವುದನ್ನು ನೆನಪಿಸಲು ಅದಕ್ಕೆ 'ಕೊನೆಯ ಓಟ' ಅಂತ ಹೆಸರಿಟ್ಟಿದ್ದರು. ಅವಳಿಗೆ ಹೇಳಿದ್ದು ಇಷ್ಟೇ: ಅಲ್ಲಿ ನಿನ್ನ ಮೊದಲ ಚಿಂತೆ ಉಸಿರು, ಲೇಹ್‌ನಲ್ಲಿ ದಿನಗಟ್ಟಲೆ ಕೂತು ಮೈ ಒಗ್ಗಿಸಿಕೋ, ವೈದ್ಯರು ಬೇಡ ಅಂದರೆ ವಾಪಸ್ ಬಾ. ಕಾಲಿನದನ್ನು ಮಾತ್ರ ಬೆಂಗಳೂರಲ್ಲೇ ಮುಗಿಸು. ಸ್ಪೈಕ್ ತಂದು ಕಬ್ಬನ್ ಪಾರ್ಕಿನ ಮಣ್ಣಿನ ದಾರಿಯಲ್ಲಿ ನಾಲ್ಕು ಸಲವಾದರೂ ಹಾಕಿ ಓಡು. ಯಾವ ಬೆರಳಿಗೆ ಒತ್ತುತ್ತದೆ ಅನ್ನುವುದು ಸರೋವರದ ನಡುವೆ ಗೊತ್ತಾಗುವುದು ಬೇಡ. ಮುಂದಿನ ತಿಂಗಳು ಊರಿಗೆ ಹೋಗುವಾಗ ಅವಳಿಗೊಂದು ಜೋಡಿ ಒಯ್ಯುತ್ತಿದ್ದೇನೆ.

ಓಟದ ಮಾರನೆಯ ದಿನ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅವ್ವ ಮೊದಲು ಕೈ ತೋರಿಸು ಅಂದಳು. ಮಣಿಕಟ್ಟು ತಿರುಗಿಸಿ ತೋರಿಸಿದೆ. "ಹಿಮದಾಗ ಓಡೋದು ಬ್ಯಾಡವಾ ಅಂದ್ರ ಕೇಳಂಗಿಲ್ಲ" ಅಂತ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಬಚ್ಚಲಲ್ಲಿ ಒಣಗಲು ತೂಗುಹಾಕಿದ್ದ ಜೋಡಿಯನ್ನು ತಂದು ಕ್ಯಾಮೆರಾ ಮುಂದೆ ಹಿಡಿದೆ. ಅಪ್ಪ ಕನ್ನಡಕ ಏರಿಸಿ, ಪರದೆಗೆ ಮುಖ ಹತ್ತಿರ ತಂದು, ಮೊಳೆಗಳನ್ನು ಒಂದೊಂದಾಗಿ ಎಣಿಸಿದರು.

"ಹತ್ತು. ಎಷ್ಟು ದಿನ ಬರ್ತಾವ?"

"ಇದು ಮೂರನೇ ಚಳಿಗಾಲ, ಅಪ್ಪಾಜಿ. ತುದಿ ಸ್ವಲ್ಪ ಮೊಂಡಾಗ್ಯಾವ. ಇನ್ನೊಂದು ವರ್ಷ ತಡೀತಾವ."

"ಹಿಮ್ಮಡಿ ಕಡೆ ಹೆಚ್ಚು ಸವದಾವ ನೋಡು," ಅಂದರು. "ಮುಂದಿನ ಜೋಡಿ ತಗೋಳೋದ್ರೊಳಗ ಹೆಜ್ಜಿ ತಿದ್ದಿಕೋ."